ಮೂರು ಮನೆ, ಎರಡು ಚೀಟಿ

‘ಮುಚ್ಚಿಕೊಂಡು ಬರಿ,’ ಎಂದ ಅವನು.

ಅವಳು ಎಡಗೈ ಬಾಗಿಸಿ ಚೀಟಿಗೆ ಮರೆ ಮಾಡಿಕೊಂಡಳು, ಪರೀಕ್ಷೆಯಲ್ಲಿ ಪಕ್ಕದವಳಿಗೆ ಕಾಣದಂತೆ ಹುಡುಗಿಯರು ಮಾಡಿಕೊಳ್ಳುವ ಹಾಗೆ. ಅವನಿಗೆ ಸಮಾಧಾನವಾಯಿತು. ಬೆನ್ನು ತಿರುಗಿಸಿ, ಗೇಟಿನ ಕಂಬದ ಮೇಲೆ ತನ್ನ ಚೀಟಿ ಇಟ್ಟುಕೊಂಡು ಬರೆದ. ಹಾಸಿಗೆ ಆರು. ಬಚ್ಚಲು ಐದು. ಸದ್ದು ನಾಲ್ಕು, ಸಮುದ್ರ ತೀರಾ ಹತ್ತಿರವಾಯಿತು. ಕಿಟಕಿ ಎಂಟು. ಮನೆಯವರು ಏಳು. ಎಲ್ಲವೂ ಹತ್ತಕ್ಕೆ.

‘ಆಯ್ತಾ?’

‘ಆಯ್ತು.’

‘ಮಡಿಸಿ ಚೀಲಕ್ಕೆ ಹಾಕ್ಕೋ. ನನಗೆ ತೋರಿಸ್ಬೇಡ.’

‘ತೋರಿಸಲ್ಲ ರೀ.’

ಮನೆಯೊಡತಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ತನ್ನ ಕೋಣೆ ನೋಡಲು ಬಂದ ಇಬ್ಬರು, ನಡುವಯಸ್ಸು ದಾಟುತ್ತಿರುವವರು, ಗೇಟಿನ ಹತ್ತಿರ ಬೆನ್ನಿಗೆ ಬೆನ್ನು ಕೊಟ್ಟು ಏನೋ ಗೀಚುತ್ತಿದ್ದಾರೆ. ಅವಳು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಏನೂ ಕೇಳಲಿಲ್ಲ.

ದ್ವೀಪಕ್ಕೆ ಆ ಬೆಳಿಗ್ಗೆ ಹಡಗಿನಿಂದ ಇಳಿದವರು ಇವರಿಬ್ಬರೇ. ಇದು ಜನ ಬರುವ ಕಾಲವಲ್ಲ ಎಂದು ಹಡಗುಕಟ್ಟೆಯ ಗುಮಾಸ್ತ ಮೊದಲೇ ಹೇಳಿಬಿಟ್ಟಿದ್ದ. ಬಾಡಿಗೆಗೆ ಕೋಣೆ ಕೊಡುವ ಮನೆಗಳು ಮೂರೇ ಮೂರು. ದಡದಲ್ಲಿ ನರ್ಸಮ್ಮನದು. ಊರೊಳಗೆ ಮೇಷ್ಟರದು. ಮೇಲೆ, ಜ್ವಾಲಾಮುಖಿ ಬೆಟ್ಟದ ಬಾಯಿಗೆ ಹತ್ತಿರವಾಗಿ ಇನ್ನೊಂದು. ‘ಮೂರೂ ನೋಡ್ಕೊಂಡು ಬನ್ನಿ ಸಾರ್. ನಿಮ್ಮ ಸಾಮಾನು ಇಲ್ಲೇ ಇರ್ಲಿ. ನಾಲ್ಕು ಗಂಟೆಗೆ ಗಾಡಿ ಹೊರಡುತ್ತೆ, ಅಷ್ಟರಲ್ಲಿ ಯಾವ ಮನೆ ಅಂತ ಹೇಳಿದ್ರೆ ಸಾಕು. ಒಂದೇ ರಸ್ತೆ, ದಾರಿ ತಪ್ಪೋ ಭಯ ಇಲ್ಲ.’ ಮುಂದಿನ ಹಡಗು ಹತ್ತು ದಿನ ಬಿಟ್ಟು.

ಗುಮಾಸ್ತನ ಮಾತು ಮುಗಿಯುವಷ್ಟರಲ್ಲಿ ಅವನು ಡೈರಿಯಿಂದ ಎರಡು ಹಾಳೆ ಹರಿದು ಗೆರೆ ಎಳೆಯತೊಡಗಿದ್ದ.

ಅದು ಅವನ ಕೆಲಸವೇ ಆಗಿತ್ತು. ಮೊದಲು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದವನು, ಹದಿನಾಲ್ಕು ವರ್ಷದಿಂದ ಪರೀಕ್ಷಾ ಮಂಡಳಿಯ ಮೌಲ್ಯಮಾಪನ ವಿಭಾಗದಲ್ಲಿ ಕೂತಿದ್ದ. ಒಂದು ಉತ್ತರಪತ್ರಿಕೆಯನ್ನು ಇಬ್ಬರು ತಿದ್ದಬೇಕು. ಮೊದಲನೆಯವರು ಕೊಟ್ಟ ಅಂಕ ಎರಡನೆಯವರಿಗೆ ಕಾಣಕೂಡದು. ಅದರ ಮೇಲೆ ಕಪ್ಪು ಕಾಗದ ಅಂಟಿಸಿರುತ್ತದೆ. ಆಮೇಲೆ ಎರಡನ್ನೂ ತಾಳೆ ನೋಡುವುದು. ವ್ಯತ್ಯಾಸ ಬಂದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅದಕ್ಕೆ ಮೂರನೆಯವರಿದ್ದಾರೆ. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದುದು ವ್ಯತ್ಯಾಸವೇ ಇಲ್ಲದ ಪತ್ರಿಕೆಗಳನ್ನು. ‘ಒಂದೊಂದು ಪ್ರಶ್ನೆಗೂ ಅಂಕ ಸರಿಸಮ ಬಂತು ಅಂದ್ರೆ ಅಲ್ಲಿ ಇಬ್ಬರಿಲ್ಲ. ಒಬ್ಬನೇ ಇದ್ದಾನೆ. ಇನ್ನೊಬ್ಬ ನಕಲು ಮಾಡಿದ್ದಾನೆ’ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಹಾಗೆ ಹಿಡಿದು ಏಳು ಜನರನ್ನು ಮನೆಗೆ ಕಳಿಸಿದ್ದ. ಕಚೇರಿಯಲ್ಲಿ ಬೆನ್ನ ಹಿಂದೆ ಅವನಿಗೆ ತಕ್ಕಡಿ ಎಂದು ಅಡ್ಡಹೆಸರು. ಅದು ಅವನ ಕಿವಿಗೂ ಬಿದ್ದಿತ್ತು. ಹೊಗಳಿಕೆಯೆಂದೇ ತಿಳಿದಿದ್ದ.

ಈಗ ಆ ತಕ್ಕಡಿಯನ್ನು ಹೆಂಡತಿಗಾಗಿ ಹಿಡಿದಿದ್ದ. ಮನಸ್ಸಿಟ್ಟೇ ಹಿಡಿದಿದ್ದ.

ಎರಡು ತಿಂಗಳ ಹಿಂದೆ ಒಂದು ಸಂಜೆ ಬಟ್ಟೆ ಅಂಗಡಿಯಿಂದ ಫೋನು ಬಂದಿತ್ತು. ‘ಮೇಡಂ ಬೆಳಿಗ್ಗೆ ಹನ್ನೊಂದಕ್ಕೆ ಬಂದೋರು ಸಾರ್, ಇಲ್ಲೇ ನಿಂತಿದ್ದಾರೆ. ಕೂತ್ಕೊಳ್ಳಿ ಅಂದ್ರೂ ಕೂರ್ತಿಲ್ಲ.’ ಅವನು ಹೋಗಿ ನೋಡಿದಾಗ ಅವಳ ಎರಡು ಕೈಯಲ್ಲಿ ಎರಡು ಹಾಸಿಗೆ ಹೊದಿಕೆಗಳಿದ್ದವು. ಬೆಲೆ ಒಂದೇ, ಬಟ್ಟೆ ಒಂದೇ, ಬಣ್ಣ ಒಂದೇ. ಒಂದರ ಅಂಚಿನಲ್ಲಿ ಎಲೆ, ಇನ್ನೊಂದರ ಅಂಚಿನಲ್ಲಿ ಬಳ್ಳಿ. ಆರು ಗಂಟೆ ಹೊತ್ತು ಅವಳು ಯಾವುದು ಎಂದು ನೋಡುತ್ತ ನಿಂತಿದ್ದಳು. ಮಾರುವ ಹುಡುಗಿಯರು ಅಷ್ಟು ದೂರದಲ್ಲಿ ಗುಂಪುಗೂಡಿ ಅವಳನ್ನೇ ನೋಡುತ್ತಿದ್ದರು. ಅವನು ಎರಡನ್ನೂ ಕೊಂಡು, ಅವಳ ತೋಳು ಹಿಡಿದು ಮನೆಗೆ ಕರೆತಂದ.

ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಒಳಗೆ ಕರೆದರು. ‘ಸದ್ದುಗದ್ದಲ ಇಲ್ಲದ ಕಡೆ ಕರ್ಕೊಂಡು ಹೋಗಿ. ಅಲ್ಲಿ ಏನಾದ್ರೂ ಒಂದು, ಒಂದೇ ಒಂದು ವಿಷಯ, ಅವರೇ ತೀರ್ಮಾನ ಮಾಡ್ಲಿ. ನೀವು ಮಾಡ್ಬೇಡಿ. ಈ ಸಲ ಅಂಗಡಿಯಿಂದ ಮನೆಗೆ ಬಂದಿದ್ದಾರೆ. ಇನ್ನೊಂದು ಸಲ ಹಾಗೆ ನಿಂತ್ರೆ ವಾಪಸ್ ಬರ್ತಾರೆ ಅಂತ ನಾನು ಹೇಳಲಾರೆ.’

ಹಾಗಾಗಿ ಈ ದ್ವೀಪ. ದ್ವೀಪವನ್ನು ಆರಿಸಿದವನು ಅವನೇ. ಆದರೆ ದ್ವೀಪದಲ್ಲಿ ಎಲ್ಲಿ ಉಳಿಯುವುದೆಂಬುದು ಅವಳ ತೀರ್ಮಾನ. ಬರಿಗೈಯಲ್ಲಿ ತೀರ್ಮಾನ ಮಾಡೆಂದರೆ ಪಾಪ ಹೇಗೆ ಮಾಡಿಯಾಳು? ಅದಕ್ಕೇ ಚೀಟಿ. ಅವಳ ಅಂಕ ಅವಳದು, ಅವನದು ಅವನದು, ಪ್ರಭಾವ ಬೀರಿದನೆಂಬ ಮಾತೇ ಬರಬಾರದು. ಅವಳ ಚೀಟಿಯಲ್ಲಿ ಯಾವ ಮನೆಗೆ ಹೆಚ್ಚು ಬರುತ್ತದೋ ಅದೇ ಗಟ್ಟಿ. ತನ್ನ ಚೀಟಿ ಸುಮ್ಮನೆ, ತಾಳೆಗೆ.

ಇಷ್ಟು ನ್ಯಾಯವಾಗಿ ಯಾವ ಗಂಡ ನಡೆದುಕೊಂಡಾನು ಎಂದು ಅವನಿಗೆ ಅನ್ನಿಸದೆ ಇರಲಿಲ್ಲ.

ರಸ್ತೆ ಏರುತ್ತ ಹೋಯಿತು. ಎರಡೂ ಕಡೆ ಕಪ್ಪು ಮಣ್ಣು, ಕಪ್ಪು ಕಲ್ಲು, ಕಪ್ಪು ಕಲ್ಲಿನ ಗೋಡೆ. ಹಕ್ಕಿಯ ಸದ್ದು ಕೂಡ ಇಲ್ಲ. ಇಪ್ಪತ್ತು ವರ್ಷ ಅವನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಜ್ವಾಲಾಮುಖಿ ಬರೆದಿದ್ದ. ಕೆಂಪು ನಾಳ, ಹಳದಿ ಬಾಯಿ, ಬೂದು ಹೊಗೆ. ನಿಜವಾದದ್ದು ಇಷ್ಟು ಕಪ್ಪಾಗಿ, ಇಷ್ಟು ಸುಮ್ಮನೆ ಇರುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಬೆಟ್ಟದ ತುದಿಯಲ್ಲಿ ಹೊಗೆಯೂ ಇಲ್ಲ. ಅವನಿಗೆ ಮೋಸ ಹೋದಂತಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

‘ಕಾಲು ನೋಯ್ತಿದೆಯಾ?’

‘ಇಲ್ಲ.’

‘ಕೂತ್ಕೊಳ್ಳೋಣವಾ?’

‘ನಿಮಗೆ ಬೇಕಾದ್ರೆ.’

‘ನನಗೆ ಅಂತ ಅಲ್ಲ, ನಿನಗೆ ಕೇಳಿದ್ದು.’

ಅವಳು ಯೋಚಿಸಿದಳು. ಯೋಚಿಸುವಾಗ ಅವಳ ನಡಿಗೆ ನಿಂತೇಹೋಯಿತು. ಅವನಿಗೆ ಅಂಗಡಿಯ ನೆನಪಾಯಿತು. ‘ನಡಿ, ನಡಿ, ಮೇಷ್ಟ್ರ ಮನೆ ಬಂದೇಬಿಡ್ತು,’ ಎಂದು ಮುಂದೆ ನಡೆದುಬಿಟ್ಟ.

ಮೇಷ್ಟರ ಮನೆ ಅವನಿಗೆ ನೋಡಿದ ಕೂಡಲೇ ಹಿಡಿಸಿತು. ಗೋಡೆಗೆ ಬಾಡಿಗೆದಾರರು ಪಾಲಿಸಬೇಕಾದ ನಿಯಮಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿತ್ತು. ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಮೇಜು. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಗೋಡೆ. ಬಚ್ಚಲಲ್ಲಿ ಹೊಸ ಬಕೆಟ್ಟು.

‘ಅಮ್ಮಾವ್ರಿಗೆ ಹಿಡಿಸ್ತಾ?’ ಎಂದರು ಮೇಷ್ಟರು, ಅವಳನ್ನೇ ನೋಡಿ.

‘ಹಿಡಿಸಿದೆ, ಹಿಡಿಸಿದೆ. ಇನ್ನೊಂದು ನೋಡ್ಬೇಕು, ನೋಡಿ ಹೇಳ್ತೀವಿ,’ ಎಂದ ಅವನು.

ಹೊರಗೆ ಬಂದು ಮತ್ತೆ ಬೆನ್ನಿಗೆ ಬೆನ್ನು. ಹಾಸಿಗೆ ಏಳು. ಬಚ್ಚಲು ಏಳು ಎಂದು ಬರೆದವನು, ಒಳಗಿನ ಚಿಲಕ ಸಡಿಲವಿದ್ದುದು ನೆನಪಾಗಿ, ಅದನ್ನು ಹೊಡೆದುಹಾಕಿ ಆರು ಮಾಡಿದ. ಸದ್ದು ಎಂಟು. ಕಿಟಕಿ ಐದು. ಮನೆಯವರು ಏಳು.

ಮೂರನೆಯ ಮನೆಗೆ ಮುಕ್ಕಾಲು ಗಂಟೆ ಏರಬೇಕಾಯಿತು. ಒಂಟಿ ಮನೆ. ಮನೆಯ ಮುಂದೆ ನೆಲದಲ್ಲಿ ಒಂದು ಕಬ್ಬಿಣದ ಕೊಳವೆ ಹೂತಿತ್ತು. ಮನೆಯ ಯಜಮಾನ ಮಂಡಿಯೂರಿ ಅದರೊಳಗಿಂದ ದಾರ ಕಟ್ಟಿದ ಥರ್ಮಾಮೀಟರನ್ನು ಮೇಲೆಳೆಯುತ್ತಿದ್ದ. ಬೆಟ್ಟದ ಬಿಸಿ ನೋಡಿ ದಿನಕ್ಕೆರಡು ಸಲ ಮೇಲಧಿಕಾರಿಗಳಿಗೆ ತಿಳಿಸುವುದು ಅವನ ನೌಕರಿ.

‘ಬೆಟ್ಟಕ್ಕೆ ಜ್ವರ ಇದೆಯಾ?’ ಎಂದು ಇವನು ತಮಾಷೆ ಮಾಡಿದ.

‘ಹೋದ ವಾರದಷ್ಟೇ ಇದೆ ಸಾರ್. ಇಪ್ಪತ್ತಾರು ವರ್ಷದಿಂದ ಅಷ್ಟೇ ಇದೆ,’ ಎಂದ ಯಜಮಾನ, ನಗದೆ. ‘ಏರಿದ್ರೆ ನನಗೇ ಮೊದಲು ಗೊತ್ತಾಗೋದು. ಏರದೇ ಇದ್ರೆ ಬರೆದಿಡೋದು ಅಷ್ಟೇ.’

ಕೋಣೆಯ ನೆಲ ಬರಿಗಾಲಿಗೆ ಬೆಚ್ಚಗಿತ್ತು. ಅವನು ಬೆಚ್ಚಿ ಕಾಲೆತ್ತಿಕೊಂಡ. ಬಚ್ಚಲಿನ ನಲ್ಲಿಯಲ್ಲಿ ಬೆಂಕಿಯಿಲ್ಲದೆ ಬಿಸಿನೀರು ಬರುತ್ತಿತ್ತು. ಅವಳು ನಲ್ಲಿಯ ಕೆಳಗೆ ಕೈ ಹಿಡಿದು ತುಂಬ ಹೊತ್ತು ಹಾಗೇ ನಿಂತಳು.

‘ಇಷ್ಟ ಆಯ್ತೇನಮ್ಮ?’ ಎಂದ ಯಜಮಾನ.

‘ಅವಳಿಗೆ ಬಿಸಿನೀರು ಅಂದ್ರೆ ಪ್ರಾಣ,’ ಎಂದ ಅವನು.

ಯಜಮಾನ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ ತನ್ನ ಪುಸ್ತಕದಲ್ಲಿ ಬೆಟ್ಟದ ಬಿಸಿ ಬರೆದುಕೊಳ್ಳಲು ಹೋದ.

ಹಾಸಿಗೆ ಆರು, ಬಚ್ಚಲು ಒಂಬತ್ತು, ಸದ್ದು ಒಂಬತ್ತು, ಕಿಟಕಿ ಆರು, ಮನೆಯವರು ಐದು. ಇಲ್ಲಿಗೆ ಮೂರೂ ಮುಗಿಯಿತು. ಗಂಟೆ ಎರಡೂವರೆ. ಮನೆಯಿಂದ ಸ್ವಲ್ಪ ಕೆಳಗೆ, ರಸ್ತೆಯ ತಿರುವಿನಲ್ಲಿ ಚಪ್ಪಟೆ ಕಲ್ಲೊಂದರ ಮೇಲೆ ಇಬ್ಬರೂ ಕೂತರು. ಅವನು ಜೇಬಿನಿಂದ ತನ್ನ ಚೀಟಿ ತೆಗೆದು ಮಂಡಿಯ ಮೇಲೆ ಬಿಡಿಸಿದ. ಅವಳದನ್ನು ಕೇಳಿ ಇಸಿದುಕೊಂಡು ಪಕ್ಕದಲ್ಲಿಟ್ಟ.

ಮೊದಲ ಮನೆ. ಹಾಸಿಗೆ, ಆರು, ಆರು. ಬಚ್ಚಲು, ಐದು, ಐದು. ಅವನು ಮುಗುಳ್ನಕ್ಕ. ಸದ್ದು, ನಾಲ್ಕು, ನಾಲ್ಕು. ಕಿಟಕಿ, ಎಂಟು, ಎಂಟು. ನಗು ಮುಖದ ಮೇಲೇ ಉಳಿದುಕೊಂಡಿತು, ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮನೆಯವರು, ಏಳು, ಏಳು.

ಅವನ ಬೆರಳು ತಾನಾಗಿಯೇ ಕಚೇರಿಯ ವೇಗ ಹಿಡಿಯಿತು. ಎರಡನೆಯ ಮನೆ, ಮೂರನೆಯ ಮನೆ. ಹದಿನೈದು ಚೌಕಗಳಲ್ಲಿ ಹದಿನೈದೂ ಸರಿಸಮ.

ಅವನು ಮತ್ತೆ ಮೊದಲಿನಿಂದ ನೋಡಿದ. ಮೇಷ್ಟರ ಮನೆಯ ಬಚ್ಚಲಿನ ಚೌಕಕ್ಕೆ ಬಂದಾಗ ಚೀಟಿಯನ್ನು ಕಣ್ಣಿನ ಹತ್ತಿರ ತಂದ. ಅವಳ ಚೀಟಿಯಲ್ಲೂ ಅಲ್ಲಿ ಏಳು ಎಂದು ಬರೆದಿತ್ತು. ಆ ಏಳನ್ನು ಹೊಡೆದುಹಾಕಿ ಪಕ್ಕದಲ್ಲಿ ಆರು ಎಂದು ಬರೆದಿತ್ತು.

‘ಯಾವಾಗ ನೋಡಿದೆ?’

‘ಏನನ್ನ?’

‘ನನ್ನ ಚೀಟಿ.’

‘ನಾನು ನೋಡ್ಲಿಲ್ಲ ರೀ.’

‘ಸುಳ್ಳು ಹೇಳ್ಬೇಡ. ನೋಡಿದ್ರೆ ನೋಡಿದೆ ಅನ್ನು, ನಾನೇನೂ ಅನ್ನಲ್ಲ.’ ತನ್ನ ದನಿ ಕಚೇರಿಯ ದನಿಯೆಂದು ಅವನಿಗೇ ಗೊತ್ತಾಯಿತು. ಏಳು ಜನರನ್ನೂ ಎದುರಿಗೆ ಕೂರಿಸಿಕೊಂಡು ಹೀಗೇ ಕೇಳಿದ್ದ. ನಾನೇನೂ ಅನ್ನಲ್ಲ ಎಂದೇ ಶುರು ಮಾಡಿದ್ದ.

‘ನಿಮ್ಮ ಜೇಬಲ್ಲೇ ಇತ್ತಲ್ಲ.’

‘ಪೆನ್ನಿನ ಸದ್ದು ಕೇಳಿಸಿಕೊಂಡ್ಯಾ? ನಾನು ಹೊಡೆದುಹಾಕಿದ್ದು ಕೇಳಿಸ್ತಾ?’

‘ಪೆನ್ನಿನ ಸದ್ದು ಯಾರಿಗಾದ್ರೂ ಕೇಳಿಸುತ್ತಾ?’

ಕೇಳಿಸುವುದಿಲ್ಲ. ಅವನು ಆ ಚೌಕದ ಮೇಲೆ ಬೆರಳಿಟ್ಟ. ‘ಮತ್ತೆ ಈ ಆರು ಎಲ್ಲಿಂದ ಬಂತು? ಏಳು ಬರೆದು ಯಾಕೆ ಆರು ಮಾಡಿದೆ?’

ಅವಳು ಚೀಟಿಯ ಕಡೆ ಬಾಗಿ ನೋಡಿದಳು. ಅಡುಗೆಮನೆಯಲ್ಲಿ ಏನೆಲ್ಲಿದೆಯೆಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ‘ಬಕೆಟ್ಟು ಹೊಸದಿತ್ತು. ಹೊಸ ಬಕೆಟ್ಟು ನೋಡಿದ್ರೆ ನಿಮಗೆ ಖುಷಿ, ಏಳು ಹಾಕ್ತೀರಿ. ಆಮೇಲೆ ಚಿಲಕ ನೆನಪಾಗುತ್ತೆ. ಬಚ್ಚಲಿನ ಚಿಲಕ ಸಡಿಲ ಇದ್ರೆ ನಿಮಗೆ ಆಗಲ್ಲ. ಹೊಡೆದುಹಾಕಿ ಆರು ಮಾಡ್ತೀರಿ.’

‘ಮಾಡ್ತೀನಿ, ಸರಿ. ಅದು ನನ್ನ ಚೀಟಿ. ಇದು ನಿನ್ನದು.’

‘ಹ್ಞೂಂ.’

‘ನಿನ್ನ ಚೀಟೀಲಿ ಯಾಕೆ ಹೊಡೆದುಹಾಕಿದೆ?’

ಅವಳಿಗೆ ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. ‘ನೀವು ಹಾಗೇ ಅಲ್ವಾ ಮಾಡೋದು?’ ಎಂದಳು.

ಒಂದು ಕ್ಷಣ, ಒಂದೇ ಕ್ಷಣ, ಅವನಿಗೆ ಹೆಮ್ಮೆಯಾಯಿತು. ಇಪ್ಪತ್ತೊಂದು ವರ್ಷ ಜೊತೆಗಿದ್ದವಳು ಗಂಡನನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾಳೆ! ಹೇಳಿ ಮಾಡಿಸಿದ ಜೋಡಿ ಎಂದು ಎಲ್ಲರೂ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಮರುಕ್ಷಣ ತಾನು ಹೊಸಬರಿಗೆ ಹೇಳಿಕೊಡುತ್ತಿದ್ದ ಮಾತು ಯಾರೋ ಪಕ್ಕದಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಅಲ್ಲಿ ಇಬ್ಬರಿಲ್ಲ. ಒಬ್ಬನೇ ಇದ್ದಾನೆ.

ಅವನು ಎದ್ದು ನಿಂತ. ಮತ್ತೆ ಕೂತ.

‘ಮನೆಗೆ ಹಸಿರು ಪರದೆ ಬೇಕು ಅಂದೋಳು ನೀನು.’

‘ನೀವು ಹಸಿರಿನ ಹತ್ರಾನೇ ನಿಂತಿದ್ರಿ.’

‘ಮಗಳು ಹುಟ್ಟಿದಾಗ ಹೆಸರು ಹೇಳಿದ್ದು ನೀನು. ನಾನು ಬಾಯೇ ಬಿಟ್ಟಿರಲಿಲ್ಲ. ನನ್ನ ಮನಸ್ಸಲ್ಲಿದ್ದ ಹೆಸರೇ ನಿನ್ನ ಬಾಯಲ್ಲಿ ಬಂತು ಅಂತ ಆಸ್ಪತ್ರೇಲಿ ಎಲ್ಲರ ಎದುರಿಗೆ ಅತ್ತುಬಿಟ್ಟೆ ನಾನು.’

‘ನೆನಪಿದೆ. ತುಂಬ ಖುಷಿಪಟ್ರಿ.’

‘ಅದು ನಿನಗಿಷ್ಟ ಇತ್ತಾ ಇಲ್ವಾ?’

ಅವಳು ತುಂಬ ಪ್ರಾಮಾಣಿಕವಾಗಿ ಯೋಚಿಸುತ್ತಿರುವುದು ಅವಳ ಹುಬ್ಬುಗಳಲ್ಲಿ ಕಾಣುತ್ತಿತ್ತು. ಅವಳು ‘ಇಲ್ಲ’ ಎಂದಿದ್ದರೆ ಅವನು ಕೃತಜ್ಞನಾಗಿರುತ್ತಿದ್ದ. ನಿಮ್ಮನ್ನು ಕಂಡರೆ ನನಗಾಗುವುದಿಲ್ಲ, ಇಷ್ಟು ವರ್ಷ ಹೊಟ್ಟೆಯಲ್ಲಿ ಹಾಕಿಕೊಂಡಿದ್ದೆ ಎಂದು ಕಿರುಚಿದ್ದರೂ ಸರಿಯೇ. ದ್ವೇಷಿಸುವುದಕ್ಕಾದರೂ ಇನ್ನೊಬ್ಬರು ಇರಬೇಕಲ್ಲ.

‘ಗೊತ್ತಿಲ್ಲ,’ ಎಂದಳು. ಆಮೇಲೆ, ಅವನು ಕೇಳದೆಯೇ, ‘ಅವತ್ತು ಅಂಗಡೀಲಿ ಅದೇ ಆಗಿದ್ದು ರೀ. ಎಲೆಗೆ ಎಷ್ಟು ಹಾಕ್ತೀರಿ ಅಂತ ನೋಡ್ದೆ. ಬಳ್ಳಿಗೆ ಎಷ್ಟು ಹಾಕ್ತೀರಿ ಅಂತ ನೋಡ್ದೆ. ಎರಡೂ ಒಂದೇ ಬಂತು. ಮತ್ತೆ ನೋಡ್ದೆ, ಮತ್ತೂ ಒಂದೇ ಬಂತು. ಯಾವಾಗಲೂ ಹಾಗೆ ಆಗ್ತಿರಲಿಲ್ಲ. ಆಮೇಲೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ.’

ಅಷ್ಟು ಹೇಳಿ ಅವಳು ಬಾಟಲಿ ತೆಗೆದು ನೀರು ಕುಡಿದಳು. ಅವನ ಕಡೆಗೂ ಬಾಟಲಿ ಚಾಚಿದಳು. ಅವನಿಗೆ ಬಾಯಾರಿತ್ತು. ಅದು ಅವಳಿಗೆ ಹೇಗೆ ಗೊತ್ತಾಯಿತೆಂದು ಅವನಿಗೆ ಗಾಬರಿಯಾಯಿತು. ಬೇಡ ಎಂದ. ಅವಳು ಬಾಟಲಿಯ ಮುಚ್ಚಳ ಹಾಕದೆ ಹಾಗೇ ಹಿಡಿದು ಕಾದಳು. ಒಂದು ನಿಮಿಷ ತಡೆದು ಅವನು ಕುಡಿಯಲೇಬೇಕಾಯಿತು.

ಗಂಟೆ ಮೂರು. ಅವನು ಡೈರಿಯಿಂದ ಇನ್ನೊಂದು ಹಾಳೆ ಹರಿದ. ಗೆರೆ ಎಳೆಯಲು ಹೋಗಿ ಕೈ ತಡೆದು, ಖಾಲಿ ಹಾಳೆಯನ್ನೇ ಅವಳ ಕೈಗೆ ಕೊಟ್ಟ.

‘ಈಗ ನಿನ್ನದು ಬರಿ. ನಾನು ಏನು ಬರೀತೀನಿ ಅಂತ ಅಲ್ಲ, ನಿನ್ನದು. ಸಮುದ್ರ ಇಷ್ಟ ಆಗಿದ್ರೆ ಸಮುದ್ರ ಅಂತ ಬರಿ, ಅಷ್ಟು ಸಾಕು. ನರ್ಸಮ್ಮ ಹಿಡಿಸಿದ್ರೆ ಅದನ್ನೇ ಬರಿ. ತಪ್ಪು ಸರಿ ಏನೂ ಇಲ್ಲ. ನಾನು ಆ ಕಡೆ ಹೋಗಿರ್ತೀನಿ.’

ತಿರುವು ದಾಟಿ, ಅವಳು ಕಾಣದಷ್ಟು ದೂರ ಹೋಗಿ ನಿಂತ. ಕೆಳಗೆ ಸಮುದ್ರ ಕದಲದೆ ಬಿದ್ದಿತ್ತು. ಒಬ್ಬನೇ ಇದ್ದೆನೇ ಇಷ್ಟು ವರ್ಷ? ರಾತ್ರಿ ಊಟದ ಹೊತ್ತಿನಲ್ಲಿ ಆಡಿದ ಮಾತು, ಜಗಳ, ಜಗಳದ ನಂತರದ ರಾಜಿ, ಎಲ್ಲವನ್ನೂ ತಾನೊಬ್ಬನೇ ಎರಡು ದನಿಯಲ್ಲಿ ಆಡಿಕೊಂಡದ್ದೇ? ಜಗಳದಲ್ಲಿ ಅವಳು ಯಾವಾಗಲೂ ಅವನಿಗೆ ಉತ್ತರ ಗೊತ್ತಿದ್ದ ಮಾತನ್ನೇ ಆಡುತ್ತಿದ್ದಳು. ಅವನು ಗೆಲ್ಲಬೇಕಿದ್ದ ಜಗಳಗಳಲ್ಲಿ ಸೋಲುತ್ತಿದ್ದಳು, ಸೋತು ದೊಡ್ಡವನಾಗಬೇಕಿದ್ದ ಜಗಳಗಳಲ್ಲಿ ಗೆಲ್ಲುತ್ತಿದ್ದಳು. ಮದುವೆಗೆ ಮೊದಲು, ಮೊದಲ ಸಲ ನೋಡಿದಾಗ, ಅವಳು ಏನನ್ನೋ ಕಂಡು ಗಟ್ಟಿಯಾಗಿ ನಕ್ಕಿದ್ದಳು. ಏನನ್ನು ಕಂಡು? ಅವನಿಗೆ ನಗು ಬಂದಿರಲಿಲ್ಲ, ಅದಂತೂ ಚೆನ್ನಾಗಿ ನೆನಪಿತ್ತು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದು ನೆನಪಾಗಲಿಲ್ಲ. ಅವನಿಗೆ ಅಳು ಬಂತು. ಅಳುವಾಗ ಹಿಂದಿನಿಂದ ಅವಳ ಅಳು ಕೇಳಿಸೀತೆಂದು ಹೆದರಿ ಬಾಯಿ ಮುಚ್ಚಿಕೊಂಡ.

ಒಂದು ಗಂಟೆಯ ಮೇಲೆ ವಾಪಸು ಬಂದ. ಹಾಳೆ ಅವಳ ತೊಡೆಯ ಮೇಲಿತ್ತು. ಅವಳು ಅದರಲ್ಲಿ ಸೊಗಸಾಗಿ ಗೆರೆ ಎಳೆದಿದ್ದಳು. ಮೇಲೆ ಮೂರು ಮನೆ, ಪಕ್ಕದಲ್ಲಿ ಐದು ವಿಷಯ. ಹದಿನೈದು ಚೌಕಗಳೂ ಖಾಲಿ.

‘ಪ್ರಯತ್ನ ಮಾಡ್ದೆ ರೀ,’ ಎಂದಳು. ಅವಳ ಹಣೆಯಲ್ಲಿ ಬೆವರಿತ್ತು. ತಪ್ಪು ಮಾಡಿದವಳ ದನಿ. ‘ಹುಡುಕಿದೆ. ಏನೂ ಸಿಗ್ಲಿಲ್ಲ. ನೀವೇ ಹೇಳಿಬಿಡಿ, ಗಾಡಿಗೆ ಹೊತ್ತಾಯ್ತು.’

ಹೇಳುವುದು ಸುಲಭವಿತ್ತು. ಥರ್ಮಾಮೀಟರಿನವನ ಮನೆ, ಮೂವತ್ತೈದು ಅಂಕ, ಎಲ್ಲಕ್ಕಿಂತ ಹೆಚ್ಚು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ತನ್ನ ನಾಲಿಗೆಯ ತುದಿಗೆ ಬಂದಿರುವುದು ಅವಳಿಗೆ ಗೊತ್ತಿದೆ ಎಂಬುದೂ ಅವಳ ಮುಖದಲ್ಲಿ ಕಾಣುತ್ತಿತ್ತು.

‘ಕೆಳಗೆ ಹೋಗೋಣ,’ ಎಂದ.

ಇಳಿಜಾರಿನಲ್ಲಿ ಅವನು ಮುಂದೆ, ಅವಳು ಹಿಂದೆ. ತನ್ನ ಹೆಜ್ಜೆಗೆ ಸರಿಯಾಗಿ ಅವಳ ಹೆಜ್ಜೆ ಬೀಳುವುದು ಕೇಳುತ್ತಿತ್ತು. ಅವನು ಬೇಕೆಂದೇ ಒಂದು ಹೆಜ್ಜೆ ತಡಮಾಡಿ ಇಟ್ಟ. ಹಿಂದಿನದೂ ತಡವಾಯಿತು. ಬೇಗ ಬೇಗ ನಾಲ್ಕು ಹೆಜ್ಜೆ ಹಾಕಿದ, ಓಡಿದ ಎಂದರೂ ಸರಿ. ಹಿಂದೆಯೂ ನಾಲ್ಕು. ಅವನಿಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಹೀಗೆ ಕಾಲು ಗಂಟೆ ಇಳಿದಿರಬೇಕು. ಹಿಂದಿನ ಹೆಜ್ಜೆ ನಿಂತಿತು.

ಅವನು ಇನ್ನೆರಡು ಹೆಜ್ಜೆ ಹಾಕಿ ನಿಂತ. ಹಿಂದೆ ಸದ್ದಿಲ್ಲ. ತಿರುಗಿದ. ಅವಳು ರಸ್ತೆಯಲ್ಲಿರಲಿಲ್ಲ. ಎಡಗಡೆ ಬೆಟ್ಟದಿಂದ ಇಳಿದು ಬಂದ ಕಲ್ಲಿನ ಹರಿವೊಂದು ಮಡಿಕೆ ಮಡಿಕೆಯಾಗಿ ಹೆಪ್ಪುಗಟ್ಟಿ ಬಿದ್ದಿತ್ತು. ಏರುವಾಗ ಬರಿಯ ಬಂಡೆಯೆಂದು ಅವನು ಅದನ್ನು ನೋಡಿಯೂ ಇರಲಿಲ್ಲ. ಅವಳು ಅದರ ಮೇಲೆ ನಡೆದುಹೋಗುತ್ತಿದ್ದಳು.

‘ಎಲ್ಲಿಗೆ?’

ಅವಳು ಉತ್ತರ ಕೊಡಲಿಲ್ಲ. ಅವಳು ಉತ್ತರ ಕೊಡದೆ ಇದ್ದದ್ದು ಅವನ ನೆನಪಿನಲ್ಲಿ ಅದೇ ಮೊದಲು.

ಕಲ್ಲಿನ ನಡುವೆ ಒಂದು ಸೂರು ಕಾಣುತ್ತಿತ್ತು. ಕಮಾನಿನಂಥ ಗಾರೆಯ ಸೂರು, ಅದರ ಕೆಳಗೆ ಒಂದು ಮೊಳ ಗೋಡೆ. ಅಷ್ಟೇ. ಉಳಿದ ಮನೆ ಕಲ್ಲಿನೊಳಗಿತ್ತು. ನಿಧಾನವಾಗಿ ಹರಿಯುವ ಲಾವಾ ಮನೆಗಳನ್ನು ಕೆಡವುವುದಿಲ್ಲ, ಬಾಗಿಲಿನಿಂದ ಒಳಹೊಕ್ಕು ತುಂಬಿಕೊಳ್ಳುತ್ತದೆ ಎಂದು ಅವನು ಪಾಠದಲ್ಲಿ ಹೇಳಿದ್ದ. ಐದು ಅಂಕದ ಪ್ರಶ್ನೆ. ಕಿಟಕಿಯ ಮೇಲ್ತುದಿ ಮಾತ್ರ ನೆಲದ ಮಟ್ಟಕ್ಕೆ ತೆರೆದುಕೊಂಡಿತ್ತು. ಅವಳು ಅದರ ಮುಂದೆ ಕೂತಳು, ಚಪ್ಪಲಿ ಬಿಟ್ಟಳು, ಕಾಲು ಒಳಗಿಟ್ಟಳು, ಜಾರಿ ಒಳಗೆ ಹೋದಳು. ತಡವರಿಸಲಿಲ್ಲ. ಎರಡು ಹೊದಿಕೆಗಳ ನಡುವೆ ಆರು ಗಂಟೆ ನಿಂತವಳಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅವನು ಎಡವುತ್ತ ಓಡಿದ. ಕಲ್ಲು ಅಂಗೈ ತರಚಿತು. ಕಿಟಕಿಯ ಮುಂದೆ ಬೋರಲು ಬಿದ್ದು ತಲೆ ಒಳಗೆ ತೂರಿಸಿದ. ಮೊದಲು ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು. ಕೋಣೆಯ ತುಂಬ ಕಲ್ಲು, ಸೂರಿಗೆ ಎರಡು ಗೇಣು ಉಳಿದಿರುವವರೆಗೂ ಕಲ್ಲು. ಗೋಡೆಯಲ್ಲಿ ಯಾರೋ ಏನನ್ನೋ ತೂಗುಹಾಕಲು ಹೊಡೆದಿದ್ದ ಮೊಳೆಯೊಂದು ಕಲ್ಲಿನ ಮಟ್ಟಕ್ಕೆ ಸರಿಯಾಗಿ ತಲೆ ಎತ್ತಿತ್ತು. ಅವಳು ಅಂಗಾತ ಮಲಗಿದ್ದಳು. ಕೈಚೀಲ ತಲೆಯಡಿಗೆ ಇಟ್ಟುಕೊಂಡಿದ್ದಳು.

‘ಏನಿದು? ಬಾ ಆಚೆ.’

‘ತಣ್ಣಗಿದೆ,’ ಎಂದಳು. ಅವನಿಗಲ್ಲ.

‘ಇಲ್ಲಿ ಇರೋಕಾಗುತ್ತಾ? ಮನೆಯಾ ಇದು? ಗಾಳಿ ಇಲ್ಲ, ಬೆಳಕಿಲ್ಲ…’ ತಾನು ಒಂದೊಂದಾಗಿ ಎಣಿಸುತ್ತಿರುವುದು ಕೇಳಿ ಅವನ ಮಾತು ನಿಂತಿತು. ಅವನು ಭುಜ ಒಳಗೆ ತರಲು ನೋಡಿದ. ಬರಲಿಲ್ಲ. ಓರೆಯಾಗಿ ತಿರುಗಿ ಮತ್ತೆ ನೋಡಿದ. ಎದೆ ಕಿಟಕಿಯ ಚೌಕಟ್ಟಿಗೆ ಸಿಕ್ಕಿಕೊಂಡಿತು.

‘ನಾನೂ ಬರ್ತೀನಿ, ಸ್ವಲ್ಪ ಆ ಕಡೆ ಸರಿ,’ ಎಂದ. ಬೇಡಿಕೊಂಡ.

‘ಒಬ್ಬರಿಗೇ ಇರೋದು ಜಾಗ,’ ಎಂದಳು ಅವಳು. ಅವನು ಎಂದೂ ಕೇಳದ ದನಿ. ಸ್ವಲ್ಪ ಒರಟು, ಸ್ವಲ್ಪ ಸೋಮಾರಿ, ಎಳ್ಳಷ್ಟೂ ಸಂಕೋಚವಿಲ್ಲದ ದನಿ.

ಹಿಂದೆ ರಸ್ತೆಯಲ್ಲಿ ಗಾಡಿಯ ಚಕ್ರಗಳ ಸದ್ದಾಯಿತು, ಸದ್ದು ನಿಂತಿತು. ನಾಲ್ಕು ದಾಟಿತ್ತು, ಇವರು ಬಾರದ್ದಕ್ಕೆ ಗುಮಾಸ್ತ ಸಾಮಾನು ಹೇರಿಸಿ ಮೇಲಕ್ಕೆ ಕಳಿಸಿದ್ದ. ಕಲ್ಲಿನ ನಡುವೆ ನೆಲಕ್ಕೆ ಬಿದ್ದಿದ್ದ ಎರಡು ಕಾಲುಗಳನ್ನು ಕಂಡು ಗಾಡಿಯವನು ಏನೆಂದುಕೊಂಡನೋ.

‘ಸಾರ್,’ ಎಂದು ಕೂಗಿದ. ‘ಯಾವ ಮನೆ ಸಾರ್? ಚೀಲ ಎಲ್ಲಿ ಇಳಿಸ್ಲಿ?’

ಉತ್ತರಿಸಲು ಅವನು ಬಾಯಿ ತೆರೆದ. ಇಪ್ಪತ್ತೊಂದು ವರ್ಷ ಇಬ್ಬರ ಪರವಾಗಿ ಉತ್ತರಿಸಿದ ಬಾಯಿ ಅದು. ತೆರೆದೇ ಇತ್ತು. ಬಿಸಿಲು ಅವನ ಬೆನ್ನನ್ನು ಸುಡುತ್ತಿತ್ತು. ಒಳಗೆ, ಕತ್ತಲಲ್ಲಿ, ಅವಳು ಬಲಗೈ ಎತ್ತಿ ಅಂಗೈಯನ್ನು ಸೂರಿಗೆ ಊರಿದಳು. ಸೂರು ಅಷ್ಟು ಹತ್ತಿರ, ಅವಳ ಮೊಣಕೈ ಅರ್ಧ ಮಡಿಸಿಯೇ ಇತ್ತು.

‘ಸಾರ್, ಯಾವ ಮನೆ?’ ಎಂದು ಗಾಡಿಯವನು ಮತ್ತೆ ಕೂಗಿದ.